ಮಾರುತನ ಎಂಜಿನು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ವಸ್ತುಸಂಗ್ರಹಾಲಯವುಂಟು. ಅಲ್ಲಿ ಒಂದು ಯುದ್ಧವಿಮಾನವನ್ನು ನಿಲ್ಲಿಸಿದ್ದಾರೆ. ಶಾಲೆಯ ಮಕ್ಕಳು ಅದರ ಚೂಪಾದ ಮೂಗನ್ನೂ ಹಿಂದಕ್ಕೆ ಸರಿದ ರೆಕ್ಕೆಗಳನ್ನೂ ಕಂಡು ಹಿಗ್ಗುತ್ತಾರೆ. ನಿಂತಲ್ಲಿಯೇ ಓಡುತ್ತಿರುವಂತೆ ತೋರುವ ರೂಪವದು. ಎಚ್.ಎಫ್. 24 ಎಂಬುದು ಕಾರ್ಖಾನೆಯ ಲೆಕ್ಕದ ಹೆಸರು. ನಾಮಕರಣದ ಹೆಸರು ಮಾರುತ. ಕನ್ನಡಿಗರಿಗೆ ಮಾರುತವೆಂದರೇನೆಂದು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಗಾಳಿಯ ಹೆಸರನ್ನು ಹೊತ್ತ ಈ ವಿಮಾನವು ತನ್ನನ್ನು ಕಲ್ಪಿಸಿದವರು ಬಯಸಿದ ವೇಗವನ್ನು ಆಯುಷ್ಯದಲ್ಲಿ ಒಂದು ದಿನವಾದರೂ ಮುಟ್ಟಲಿಲ್ಲ. ಅದರ ಕಾರಣವನ್ನು ಹುಡುಕುತ್ತ ಹೋದರೆ, ಆಕಾಶದಲ್ಲಿ ನಡೆದ ಯಾವ ಪ್ರಮಾದವೂ ಕೈಗೆ ಸಿಕ್ಕುವುದಿಲ್ಲ. ಕಛೇರಿಯಲ್ಲಿ ಕಾಗದದ ಮೇಲೆ ಬಿದ್ದ ಒಂದು 'ಬೇಡ' ಎಂಬ ಮಾತು ಸಿಕ್ಕುತ್ತದೆ.

1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಸಾಹಸವೂ ಮೈಸೂರು ಸರ್ಕಾರದ ಬೆಂಬಲವೂ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯು ಹುಟ್ಟಿತು. ಯುದ್ಧಕಾಲದಲ್ಲಿ ಅದು ಪರರ ವಿಮಾನಗಳನ್ನು ರಿಪೇರಿ ಮಾಡಿ ಕೈ ಪಳಗಿಸಿಕೊಂಡಿತು. ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ಅಲ್ಲಿಯೇ ಕಲ್ಪಿಸಿ ಕಟ್ಟಿದ ಎಚ್.ಟಿ. 2 ಎಂಬ ಪುಟ್ಟ ಶಿಕ್ಷಣವಿಮಾನವು 1951ರಲ್ಲಿ ಹಾರಿತು. ಅಲ್ಲಿಂದ ಐದೇ ವರ್ಷಕ್ಕೆ ಶಬ್ದದ ವೇಗಕ್ಕೆ ಎರಡು ಪಾಲಿನಷ್ಟು ವೇಗವುಳ್ಳ ಯುದ್ಧವಿಮಾನವನ್ನು ಕಟ್ಟುವ ಸಂಕಲ್ಪ! ಅಂಬೆಗಾಲಿಡುವ ಕೂಸು ಗರಡಿಗೆ ಹೊರಟಿತೆಂದು ನಕ್ಕವರೂ ಇದ್ದಿರಬೇಕು. ಗರಡಿಯ ಉಸ್ತಾದನಾಗಿ 1956ರಲ್ಲಿ ಬಂದವನು ಕುರ್ಟ್ ಟಾಂಕ್. ಜರ್ಮನಿಯ ಪ್ರಸಿದ್ಧವಾದ ಫೋಕೆ ವುಲ್ಫ್ 190 ವಿಮಾನವು ಇವನ ಸೃಷ್ಟಿ. ಸೋತ ದೇಶದಲ್ಲಿ ಕೆಲಸವಿಲ್ಲದೆ ಅರ್ಜೆಂಟೀನಕ್ಕೆ ಹೋಗಿ, ಅಲ್ಲಿಯೂ ನೆಲೆ ತಪ್ಪಿ, ತನ್ನವರಾದ ಕೆಲವರು ಎಂಜಿನಿಯರುಗಳೊಡನೆ ಬೆಂಗಳೂರಿಗೆ ಬಂದನು. ಅವರ ಪಕ್ಕದಲ್ಲಿ ಕುಳಿತು ನಮ್ಮ ತರುಣರು ಗೆರೆ ಎಳೆಯಲು ಕಲಿತರು. 1959ರಲ್ಲಿ ಮರದಿಂದ ಪೂರ್ಣಪ್ರಮಾಣದ ಒಂದು ಪ್ರತಿಕೃತಿಯನ್ನು ಮಾಡಿ, ಡಕೋಟಾ ವಿಮಾನಕ್ಕೆ ಹಗ್ಗದಿಂದ ಬಿಗಿದು ಮೇಲಕ್ಕೆಳೆಸಿ, ತೇಲಿಬಿಟ್ಟು ಪರೀಕ್ಷಿಸಿದರು. ಮಾರುತವು ಮೊದಲು ಹಾರಿದುದು ಎಂಜಿನಿಲ್ಲದೆ! ಶಕುನ ನೋಡುವವರು ಇದಕ್ಕೆ ಏನಾದರೂ ಅರ್ಥ ಹೇಳಿಕೊಳ್ಳಲಿ.

ವಿಮಾನದ ಒಡಲನ್ನು ಒಂದು ನಿಶ್ಚಿತವಾದ ಎಂಜಿನಿಗಾಗಿಯೇ ಕಲ್ಪಿಸುವುದು ವಾಡಿಕೆ. ರೆಕ್ಕೆಯ ಅಗಲ, ಹೊಟ್ಟೆಯ ಸುತ್ತಳತೆ, ಗಾಳಿಯನ್ನು ಒಳಕ್ಕೆ ಸೆಳೆಯುವ ಬಾಯಿಗಳ ಅಳತೆ ಇವೆಲ್ಲವೂ ಅದರ ಬಲವನ್ನು ಅನುಸರಿಸಿರುತ್ತವೆ. ಟಾಂಕನು ನೆಚ್ಚಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ಕಂಪೆನಿಯವರ ಆರ್ಫಿಯಸ್ 12 ಎಂಬ ಎಂಜಿನನ್ನು. ಹಿಂಬದಿಯಲ್ಲಿ ಮತ್ತೊಮ್ಮೆ ಇಂಧನವನ್ನು ಉರಿಸುವ ಏರ್ಪಾಡಿನಿಂದ ಅದೊಂದೊಂದೂ 8,000 ಪೌಂಡಿಗೂ ಮಿಕ್ಕ ನೂಕುಬಲವನ್ನು ಕೊಡಬೇಕಾಗಿತ್ತು, ಅಂತಹವು ಎರಡು. ಆದರೆ ಆ ಎಂಜಿನು ಇನ್ನೂ ಪೂರ್ಣವಾಗಿ ಸಿದ್ಧವಾಗಿರಲಿಲ್ಲ. ಐರೋಪ್ಯ ಮಿತ್ರರಾಷ್ಟ್ರಗಳ ಹಗುರ ವಿಮಾನಕ್ಕೆಂದು ಮೊದಲಾದ ಕೆಲಸವು, ಅವರ ಮನಸ್ಸು ಬೇರೆ ಕಡೆಗೆ ತಿರುಗಿದುದರಿಂದ, ನಡುದಾರಿಯಲ್ಲಿ ನಿಂತಿತು. ಉಳಿದ ಖರ್ಚನ್ನು ಭಾರತವು ವಹಿಸಿಕೊಂಡರೆ ಮುಗಿಸಿಕೊಡುವುದಾಗಿ ಕಂಪೆನಿಯವರು ತಿಳಿಸಿದರು. ಬೇಕಾದ ಹಣ ಕೆಲವು ದಶಲಕ್ಷ ಪೌಂಡು. ದೆಹಲಿಯು ಒಪ್ಪಲಿಲ್ಲ.

ಆನೆಯನ್ನು ಕೊಂಡವನು ಅಂಕುಶಕ್ಕೆ ಜಗ್ಗಾಡಿದನೆಂದು ಇಂದು ಹಾಸ್ಯ ಮಾಡುವುದು ಸುಲಭ. ಆದರೆ ಆ ದಿನಗಳ ಬೊಕ್ಕಸವನ್ನೂ ನೆನೆಯಬೇಕು. 1957ರಿಂದೀಚೆಗೆ ದೇಶಕ್ಕೆ ವಿದೇಶೀ ಹಣದ ಘೋರವಾದ ಅಭಾವವುಂಟಾಗಿತ್ತು. ಎರಡನೆಯ ಪಂಚವಾರ್ಷಿಕ ಯೋಜನೆಯೇ ತತ್ತರಿಸುತ್ತಿತ್ತು. 1958ರಲ್ಲಿ ಸಾಲ ಕೊಡುವ ರಾಷ್ಟ್ರಗಳ ಕೂಟವನ್ನೇ ಕರೆಯಬೇಕಾಯಿತು. ಉಕ್ಕಿನ ಕಾರ್ಖಾನೆಗೂ ಅನ್ನಕ್ಕೂ ಪೌಂಡುಗಳನ್ನು ಎಣಿಸಿ ಎಣಿಸಿ ಕೊಡುತ್ತಿದ್ದವರು, ಇನ್ನೂ ಹುಟ್ಟದ ವಿಮಾನದ ಇನ್ನೂ ಮುಗಿಯದ ಎಂಜಿನಿಗೆ ಕೈ ಬಿಗಿಹಿಡಿದರೆ, ಅದನ್ನು ಬರಿಯ ಅವಿವೇಕವೆನ್ನಲಾಗದು. ಹಾಸಿಗೆಯಿದ್ದಷ್ಟು ಕಾಲು ಚಾಚಿದರು. ಹಾಗಾದರೆ ಮಂಚವನ್ನು ಅಷ್ಟು ಉದ್ದವಾಗಿ ಏತಕ್ಕೆ ಮಾಡಿಸಿದರೆಂಬ ಪ್ರಶ್ನೆಯು ಮಾತ್ರ ಉಳಿಯುತ್ತದೆ.

ಕೊನೆಗೆ, ನ್ಯಾಟ್ ಎಂಬ ಕಿರಿಯ ವಿಮಾನಕ್ಕಾಗಿ ಬೆಂಗಳೂರಿನಲ್ಲಿಯೇ ತಯಾರಾಗುತ್ತಿದ್ದ ಆರ್ಫಿಯಸ್ ಜಾತಿಯ, 703 ಎಂಬ ಮಾದರಿಯ ಎಂಜಿನುಗಳೆರಡನ್ನು ಮಾರುತಕ್ಕೆ ಜೋಡಿಸಿದರು. ಒಂದೊಂದರ ಬಲ 4,850 ಪೌಂಡು. ಹಳ್ಳಿಕಾರ ಜೋಡಿಗೆಂದು ಮಾಡಿಸಿದ ಗಾಡಿಗೆ ಎಳಗರುಗಳನ್ನು ಹೂಡಿದಂತಾಯಿತು. ಆದರೂ 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ ದಾಸರು ಅದನ್ನು ಮೊದಲ ಸಲ ಹಾರಿಸಿದಾಗ ಕಾರ್ಖಾನೆಯವರು ಪಟ್ಟ ಸಂತೋಷವು ಸಲ್ಲದೆಂದು ಯಾರೂ ಹೇಳಲಾರರು. ಹಾರಾಟವು ಹದವಾಗಿತ್ತು, ಹಿಡಿತವು ಸೊಗಸಾಗಿತ್ತು. ಶಬ್ದದ ವೇಗದ ಹೊಸ್ತಿಲಿನ ಆಚೆಗೆ ಮಾತ್ರ ನುಗ್ಗಲು ಶಕ್ತಿ ಸಾಲದು.

ಮುಂದಿನ ಹತ್ತು ವರ್ಷವೆಲ್ಲ ಎಂಜಿನಿನ ಅನ್ವೇಷಣೆ. ರಷ್ಯದ ಎಂಜಿನನ್ನು ಪರೀಕ್ಷಿಸಿದರು, ಹೊಂದಲಿಲ್ಲ. ಈಜಿಪ್ಟಿನವರು ಆಸ್ಟ್ರಿಯದ ತಜ್ಞನೊಬ್ಬನಿಂದ ಹೊಸ ಎಂಜಿನನ್ನು ಮಾಡಿಸುತ್ತಿದ್ದಾರೆಂದು ಕೇಳಿ, ಒಂದು ಮಾರುತವನ್ನು ಅಲ್ಲಿಗೇ ಕಳುಹಿದರು. ಅದು 1967ರ ಮಾರ್ಚಿಯಲ್ಲಿ ನೈಲ್ ನದಿಯ ಸೀಮೆಯಲ್ಲಿ ಆ ಎಂಜಿನನ್ನು ಹೊತ್ತು ಹಾರಿತು. ಕೆಲವೇ ತಿಂಗಳಲ್ಲಿ ಈಜಿಪ್ಟು ಯುದ್ಧದಲ್ಲಿ ನೊಂದಿತು. 1969ರಲ್ಲಿ ಆ ಕೆಲಸವನ್ನೇ ಕೈಬಿಟ್ಟಿತು. ಬಳಿಕ ಇದ್ದ ಎಂಜಿನಿಗೇ ಮರುದಹನದ ಸಲಕರಣೆಯನ್ನು ಸೇರಿಸಿ ನೋಡಿದರು. ಅಂತಹ ಒಂದು ವಿಮಾನವನ್ನು ಪರೀಕ್ಷಿಸುತ್ತಿರುವಾಗಲೇ, 1970ರ ಜನವರಿ 10ರಂದು, ಬೆಂಗಳೂರಿನಲ್ಲಿ ಸುರಂಜನ ದಾಸರು ಮಡಿದರು. ಈ ಸಾವನ್ನು ಎಂಜಿನಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ ಮೊತ್ತಮೊದಲು ಅದನ್ನು ನೆಲದಿಂದೆತ್ತಿದವರು ಎಂಟೂವರೆ ವರ್ಷಗಳಾದ ಮೇಲೆಯೂ ಅದರ ಅದೇ ಕೊರತೆಯನ್ನು ನೀಗಿಸುವ ಕೆಲಸದಲ್ಲಿಯೇ ಇದ್ದರೆಂಬುದು ಮನಸ್ಸನ್ನು ಕಲಕುತ್ತದೆ. ಕಾರ್ಖಾನೆಯ ಬಳಿಯ ರಸ್ತೆಗೆ ಈಗ ಅವರ ಹೆಸರಿದೆ. ಬಸ್ಸಿನ ಕಂಡಕ್ಟರರು ದಿನವೂ ಅದನ್ನು ಕೂಗುತ್ತಾರೆ.

ಮಾರುತವು ನಿರರ್ಥಕವಾಯಿತೆನ್ನುವುದು ಕೃತಘ್ನತೆ. 1967ರಲ್ಲಿ ಅದು ವಾಯುಪಡೆಯ ಹತ್ತನೆಯ ದಳವನ್ನು ಸೇರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಾರುತ್ತ ಶತ್ರುವಿನ ರೈಲುಗಳನ್ನೂ ದಂಡನ್ನೂ ಹೊಡೆಯಿತು. ಒಂದು ಎಂಜಿನು ಗುಂಡೇಟಿಗೆ ಸಿಕ್ಕಿ ಆರಿಹೋದರೂ ಇನ್ನೊಂದರ ಬಲದಿಂದ ಮನೆಗೆ ಮರಳಿದುದುಂಟು. ನೆಲದಿಂದ ಬಂದ ಗುಂಡಿಗೆ ಕೆಲವು ಬಿದ್ದವು. ಎದುರಾದ ವಿಮಾನಕ್ಕೆ ಒಂದೂ ಬೀಳಲಿಲ್ಲ. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಬಕ್ಷಿಯವರು ಮಾರುತದಿಂದಲೇ ಒಂದು ಸೇಬರ್ ವಿಮಾನವನ್ನು ಉರುಳಿಸಿದರು. ಎಳಗರುಗಳೇ ಆದರೂ ಗಾಡಿಯನ್ನು ಊರು ಮುಟ್ಟಿಸಿದವು.

ಆದರೆ ಎತ್ತರದಲ್ಲಿ ಅತಿವೇಗದ ಶತ್ರುವನ್ನು ಅಟ್ಟಿಹೋಗುವುದು ಅದರಿಂದಾಗದ ಕೆಲಸ. ಅದಕ್ಕೆಂದು 1962ರಲ್ಲಿಯೇ ರಷ್ಯದ ಮಿಗ್ 21ನ್ನು ಆರಿಸಿದ್ದಾಯಿತು. ತಾತ್ಕಾಲಿಕದ ಅವಸರಕ್ಕೆ ಬಂದ ಅತಿಥಿಯು ಎಷ್ಟು ಕಾಲ ಉಳಿಯುವನೆಂಬುದನ್ನು ಯಾರು ಬಲ್ಲರು? 1963ರಲ್ಲಿ ದಳ ಸೇರಿದ ಮಿಗ್ 21, ಚಂಡೀಗಢದಲ್ಲಿ ಕೊನೆಯ ವಂದನೆ ಸಲ್ಲಿಸಿ ನಿವೃತ್ತವಾದುದು 2025ರ ಸೆಪ್ಟೆಂಬರ್ 26ರಂದು. ಈ ಅರುವತ್ತೆರಡು ವರ್ಷಗಳಲ್ಲಿ ಅದರೊಡನೆ ಬಿದ್ದ ತರುಣರ ಮನೆಗಳಲ್ಲಿ 1962ರ ನಿರ್ಧಾರವು ಇಂದಿಗೂ ಹಳೆಯದಾಗಿಲ್ಲ. ಮಾರುತಗಳಾದರೋ ಒಟ್ಟು 147 ತಯಾರಾಗಿ, 1980ರ ದಶಕದಲ್ಲಿ ಹಾರಾಟದಿಂದ ಹಿಂದೆ ಸರಿದವು. ತಗ್ಗಿನಲ್ಲಿ ನುಗ್ಗಿ ಹೊಡೆಯುವ ಕೆಲಸಕ್ಕೆ 1978ರಲ್ಲಿ ಜಾಗ್ವಾರ್ ವಿಮಾನಗಳನ್ನು ಕೊಂಡರು. ಅದರ ಎಂಜಿನಿಗೂ ಬಲ ಸಾಲದೆಂಬ ಮಾತು ಬಂದು, ಹೊಸದನ್ನು ಹಾಕುವ ವಿಚಾರವು ಬಹುಕಾಲ ನಡೆದು, ಖರ್ಚು ಹೆಚ್ಚೆಂದು 2019ರಲ್ಲಿ ನಿಂತುಹೋಯಿತು. ಕಥೆಯೇ ತನ್ನನ್ನು ತಾನು ನಕಲು ಮಾಡಿದಂತಿದೆ.

ಆ ಮೊದಲಿನ 'ಬೇಡ'ದಿಂದ ವಿಮಾನದ ವೇಗವಷ್ಟೇ ನಷ್ಟವಾಗಿದ್ದರೆ ದೊಡ್ಡದಾಗಿರಲಿಲ್ಲ. ಶಿಲ್ಪಿಗಳ ಮನೆತನದಲ್ಲಿ ಉಳಿ ಹಿಡಿಯುವ ರೀತಿಯನ್ನು ಮಗನು ತಂದೆಯ ಮಗ್ಗುಲಲ್ಲಿ ಕುಳಿತೇ ಕಲಿಯುತ್ತಾನೆ, ಗ್ರಂಥದಿಂದಲ್ಲ. ಯುದ್ಧವಿಮಾನದ ವಿದ್ಯೆಯೂ ಹಾಗೆಯೇ. ಟಾಂಕನು 1967ರಲ್ಲಿ ಹಿಂದಿರುಗಿದನು. ಮಾರುತವು ಬಲಿಷ್ಠವಾಗಿ ಬೆಳೆದಿದ್ದರೆ ಅದರ ಎರಡನೆಯ, ಮೂರನೆಯ ಪೀಳಿಗೆಗಳನ್ನು ಕಲ್ಪಿಸುತ್ತ ಅವನ ಶಿಷ್ಯರು ಮುಂದಿನವರಿಗೆ ಕೈ ತಿದ್ದುತ್ತಿದ್ದರು. ಅದಾಗಲಿಲ್ಲ. ಶಿಕ್ಷಣವಿಮಾನಗಳು ಹುಟ್ಟಿದವು, ಪರದೇಶದ ನಕಾಶೆಯಂತೆ ಯುದ್ಧವಿಮಾನಗಳು ಸಿದ್ಧವಾದವು. ಹೊಸದೊಂದನ್ನು ಬರಿಯ ಕಾಗದದಿಂದ ಎಬ್ಬಿಸುವ ಕೆಲಸಕ್ಕೆ ಸರ್ಕಾರದ ಒಪ್ಪಿಗೆ ಬಂದುದು 1983ರಲ್ಲಿ. ಅಷ್ಟರಲ್ಲಿ ಮಾರುತಕ್ಕೆ ಗೆರೆ ಎಳೆದವರು ನಿವೃತ್ತರಾಗಿದ್ದರು, ಇಲ್ಲವೆ ಬೇರೆ ಕೆಲಸದಲ್ಲಿ ಮುಳುಗಿದ್ದರು. ಮೊದಲ ನಿರಾಕರಣೆಯನ್ನು ಕ್ಷಮಿಸಬಹುದು, ಕೈಯಲ್ಲಿ ಹಣವಿರಲಿಲ್ಲ. ಪಳಗಿದ ಕೈಗಳನ್ನು ಇಷ್ಟು ವರ್ಷ ಬಿಡುವಾಗಿಟ್ಟುದಕ್ಕೆ ಬಡತನದ ನೆವವೂ ಸಾಲದು.

ಆ ಹೊಸ ವಿಮಾನವೇ ತೇಜಸ್. 2001ರ ಜನವರಿ 4ರಂದು, ಮಾರುತದ ಮೊದಲ ಹಾರಾಟಕ್ಕೆ ನಲವತ್ತು ವರ್ಷ ತುಂಬುತ್ತಿರುವಾಗ, ಅದು ಅದೇ ಬೆಂಗಳೂರಿನ ಓಡುದಾರಿಯಿಂದ ಮೇಲೆದ್ದಿತು. ಈ ಸಲ ಎಂಜಿನನ್ನೂ ಇಲ್ಲಿಯೇ ಮಾಡಬೇಕೆಂದು 1989ರಲ್ಲಿಯೇ ಕೆಲಸ ಹೂಡಿ, ಅದಕ್ಕೆ ಕಾವೇರಿಯೆಂದು ಹೆಸರಿಟ್ಟಿದ್ದರು. ಕಾವೇರಿಯೂ ತೇಜಸ್ಸಿಗೆ ಬೇಕಾದ ಬಲವನ್ನು ಮುಟ್ಟಲಿಲ್ಲ. 2008ರಲ್ಲಿ ಅವೆರಡರ ನಂಟನ್ನು ಬಿಡಿಸಿದರು. ಈಗ ತೇಜಸ್ಸನ್ನು ಹಾರಿಸುವುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಎಂಜಿನು. ಅಂತಹ 99 ಎಂಜಿನುಗಳಿಗೆ 2021ರಲ್ಲಿ ಬೇಡಿಕೆ ಸಲ್ಲಿಸಿದರು. ಮೊದಲನೆಯದು, ಹೇಳಿದ ಕಾಲವನ್ನು ಬಹಳವಾಗಿ ಮೀರಿ, 2025ರ ಮಾರ್ಚಿಯಲ್ಲಿ ಬಂದಿತು. ಆ ವೇಳೆಗೆ ಕಾರ್ಖಾನೆಯಲ್ಲಿ ಕೆಲವು ವಿಮಾನಗಳ ಒಡಲು ಸಿದ್ಧವಾಗಿ, ಎಂಜಿನಿನ ಹಾದಿಯನ್ನು ಕಾಯುತ್ತ ನಿಂತಿದ್ದವು.