ಫಾರ್ವರ್ಡ್ ಮಾಡಿ ಮಲಗಿದ ರಾತ್ರಿ



ಇದು ನನ್ನದೇ ತಪ್ಪಿನ ಕಥೆ.

ಎರಡು ವರ್ಷದ ಹಿಂದೆ ಒಂದು ರಾತ್ರಿ ನಮ್ಮ ಗ್ರೂಪಿಗೆ ವಿಡಿಯೋ ಬಂತು. ನಮ್ಮ ತಾಲ್ಲೂಕಿನದೇ ಊರು. ಹೋಟ್ಲು ಒಳಗೆ ಕೂತು ಟೀ ಕೇಳಿದ್ದಕ್ಕೆ ಕೇರಿಯ ಹುಡುಗನನ್ನ ಜಾತಿ ಹಿಡಿದು ಬೈದು ಹೊಡೀತಿದ್ರು. ರಕ್ತ ಕುದೀತು. "ಖಂಡನೀಯ" ಅಂತ ಬರೆದು ಐದು ಗ್ರೂಪಿಗೆ ಫಾರ್ವರ್ಡ್ ಮಾಡಿ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಕಡೆ ಖಂಡನೀಯವೇ. ಅದರ ಕೆಳಗೆ ನೀಲಿ ಹೃದಯ, ಕೆಂಪು ಮುಖ.

ಮೂರನೇ ದಿನ ಆ ಹುಡುಗನ ಅವ್ವ ಫೋನ್ ಮಾಡಿದ್ರು. "ಅಣ್ಣಾ, ನನ್ ಮಗ ಒದೆ ತಿನ್ನೋದ್ನ ಊರೂರೆಲ್ಲ ನೋಡವ್ರಂತೆ. ನಮ್ ಮನೆ ತಂಕ ಮಾತ್ರ ಒಬ್ರೂ ಬರ್ನಿಲ್ವಲ್ಲ" ಅಂದ್ರು.

ಆವತ್ತು ಓಡಿದೆ. ಅಷ್ಟೊತ್ತಿಗೆ ವಿಡಿಯೋ ತೆಗೆದವನು ಹೆದರಿ ಅಳಿಸಿಬಿಟ್ಟಿದ್ದ. ನಮ್ಮ ಹತ್ರ ಉಳಿದದ್ದು ಹತ್ತಾರು ಕೈ ದಾಟಿ ಮಸುಕಾದ ಕಾಪಿ. ಕೇಸು ದಾಖಲಾಯ್ತು, ಇನ್ನೂ ನಡೀತಿದೆ. ಗಟ್ಟಿ ಸಾಕ್ಷಿ ಮಾತ್ರ ನಮ್ಮ ಕೈಯಾರೆ ಹೋಯ್ತು.

ಆಫೀಸಲ್ಲಿ ನಾನು ಟಪಾಲು ನೋಡೋನು. ಕಾಗದಕ್ಕೆ ದಿನಾಂಕ, ನಂಬರ್ ಬಿದ್ದ ಮೇಲೆ ಅದು ಬಂದೇ ಇಲ್ಲ ಅನ್ನೋಕೆ ಯಾರಿಗೂ ಆಗಲ್ಲ. ದಿನಾ ಇದೇ ಕೆಲಸ ಮಾಡೋ ನಾನು ನಮ್ಮ ಹುಡುಗನ ನೋವಿಗೆ ಒಂದು ನಂಬರ್ ಹಾಕಿಸೋದು ಮರೆತಿದ್ದೆ.

ಈಗ ಸುದ್ದಿ ಬಂದ್ರೆ ಮೊದಲು ನೊಂದವರಿಗೇ ಫೋನ್ ಮಾಡ್ತೀನಿ. ರಾಷ್ಟ್ರೀಯ ದೌರ್ಜನ್ಯ ತಡೆ ಸಹಾಯವಾಣಿ 14566 ಇದೆ, ದುಡ್ಡಿಲ್ಲದೆ 24 ಗಂಟೆಯೂ ಮಾಡಬಹುದು ಅಂತ ಅವರಿಗೆ ಹೇಳ್ತೀನಿ. ವಿಡಿಯೋ ತೆಗೆದವರಿಗೆ ಹೇಳೋದು ಇಷ್ಟೇ: ಆ ಮೊಬೈಲಿಂದ ಅಳಿಸಬೇಡಿ. ವಾಟ್ಸಾಪಲ್ಲಿ ಸುಮ್ಮನೆ ಕಳಿಸಿದ್ರೆ ವಿಡಿಯೋ ಕುಗ್ಗುತ್ತೆ, ಡಾಕ್ಯುಮೆಂಟ್ ಮಾಡಿ ಕಳಿಸಿದ್ರೆ ಇದ್ದ ಹಾಗೇ ಬರುತ್ತೆ. ಕಾಪಿಯನ್ನ ಕೋರ್ಟಿಗೆ ಕೊಡೋಕೆ ಪ್ರಮಾಣಪತ್ರ ಬೇಕು. ಮೊದಲು ಅದು ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈ 1ರಿಂದ ಹೊಸ ಕಾನೂನಿನ 63ನೇ ಕಲಂ.

ಆಮೇಲೆ ಇಮೇಲ್. ದೂರು ಠಾಣೆಗೆ, ಎಸ್ಪಿ, ಡಿಸಿಗೆ ಕಳಿಸಿದ್ರೆ ದಿನಾಂಕ, ಗಂಟೆ ದಾಖಲೆಯಾಗಿ ಉಳಿಯುತ್ತೆ. ಆದ್ರೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ಆಗಿ ಕೊಟ್ಟ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು. ಮೇಲ್ ಕಳಿಸಿ ಮನೇಲಿ ಕೂರಂಗಿಲ್ಲ.

ಗ್ರೂಪು ಬೇಕು, ನಾಳೆ ಠಾಣೆಗೆ ಯಾರ್ಯಾರು ಹೋಗೋದು ಅಂತ ತೀರ್ಮಾನ ಮಾಡೋಕೆ. ಫೇಸ್‌ಬುಕ್ ಕೊನೆಗೆ, ಅದೂ ಮನೆಯವರನ್ನ ಕೇಳಿ. ಒದೆ ತಿಂದವನ ಮುಖ ಊರಿಗೆಲ್ಲ ತೋರಿಸೋ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಬಾಬಾಸಾಹೇಬರು ಇದನ್ನ ಆವತ್ತೇ ಮಾಡಿ ತೋರಿಸಿದ್ರು. ಜನಕ್ಕೆ ಹೇಳೋಕೆ 1920ರಲ್ಲಿ ಮೂಕನಾಯಕ, 1927ರಲ್ಲಿ ಬಹಿಷ್ಕೃತ ಭಾರತ ಪತ್ರಿಕೆ. ಸರ್ಕಾರದ ಮುಂದೆ ಇಡೋಕೆ 1919ರಲ್ಲಿ ಸೌತ್‌ಬರೋ ಸಮಿತಿಗೆ, 1928ರಲ್ಲಿ ಸೈಮನ್ ಆಯೋಗಕ್ಕೆ ಲಿಖಿತ ಹೇಳಿಕೆ. ಮಹಾಡ್‌ನಲ್ಲಿ ಮಾತ್ರ ಕಾಗದ ಕಳಿಸಲಿಲ್ಲ, ಜನರ ಜೊತೆ ಕೆರೆಗೇ ನಡೆದುಹೋಗಿ ನೀರು ಕುಡಿದ್ರು.

ಮೊನ್ನೆ ಆ ಅವ್ವ ವಾಯ್ಸ್ ಮೆಸೇಜ್ ಕಳಿಸಿದ್ರು. ಅವರಿಗೆ ಓದು ಬರಲ್ಲ, ಮೈಕ್ ಒತ್ತಿ ಮಾತಾಡೋದನ್ನ ಮಗನೇ ಕಲಿಸಿದ್ದಾನೆ. "ಮುಂದಿನ್ ವಾಯಿದೆಗೆ ಬತ್ತೀರಾ ಅಣ್ಣಾ?"

ಹೆಬ್ಬೆರಳು ಒತ್ತೋಕೆ ಹೋದವನು ನಿಲ್ಲಿಸಿ, ಫೋನ್ ಮಾಡಿದೆ. ರಜೆ ಅರ್ಜಿ ಬರೆದಿಟ್ಟಿದ್ದೀನಿ. ಬರೋರು ಕಾಮೆಂಟ್ ಹಾಕೋ ಬದಲು ನನಗೊಂದು ಕಾಲ್ ಮಾಡಿ.

ಜೈಭೀಮ್.