ಹೊಳೆಯ ದಾರಿಯಲ್ಲಿ ಬಂದ ಜಿರಾಫೆ

ನೇತ್ರಾವತಿ, ಫಲ್ಗುಣಿ ಎರಡೂ ಘಟ್ಟದ ಮಕ್ಕಳು. ಕೆಳಗಿಳಿದ ಮೇಲೆ ಅವು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ನೇತ್ರಾವತಿ ಬೆಳ್ತಂಗಡಿ ಸೀಮೆಯ ಅಡಿಕೆ ತೋಟಗಳನ್ನು ಬಳಸಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುತ್ತದೆ. ಫಲ್ಗುಣಿ ವೇಣೂರಿನ ಮಗ್ಗುಲಲ್ಲಿ ಹರಿದು, ಪೊಳಲಿ, ಗುರುಪುರಗಳತ್ತ ಇಳಿಯುತ್ತದೆ. ಮಂಗಳೂರಿನ ಅಳಿವೆಬಾಗಿಲಲ್ಲಿ ಎರಡೂ ಮತ್ತೆ ಸೇರಿ ಒಟ್ಟಿಗೆ ಕಡಲು ಮುಟ್ಟುತ್ತವೆ. ಈ ಎರಡು ನೀರಿನ ನಡುವಿನ ನೆಲವನ್ನು ನೋಡಬೇಕೆಂದೇ ಮಳೆ ಹಿಂದೆಗೆದ ಮೇಲೆ, ಏಣೆಲು ಪೈರು ಹಣ್ಣಾಗುವ ಹೊತ್ತಿಗೆ ಹೊರಟೆ.

ಬಂಟ್ವಾಳವೆಂದರೆ ಬಹಳ ಜನರಿಗೆ ಬಿ.ಸಿ. ರೋಡಿನ ಗದ್ದಲ. ಹಳೆಯ ಪೇಟೆ ಅಲ್ಲಿಂದ ಒಳಗಿದೆ, ಹೊಳೆಗೆ ಅಂಟಿಕೊಂಡು. ಇಕ್ಕಟ್ಟಿನ ರಸ್ತೆ, ಹಂಚಿನ ಮಾಡಿನ ಅಂಗಡಿಗಳು, ವೆಂಕಟರಮಣನ ಗುಡಿ, ಎರಡು ಗೋಡೆಗಳ ಸಂದಿಯಲ್ಲಿ ಥಟ್ಟನೆ ಕಾಣುವ ನೀರು. ಘಟ್ಟ ಇಳಿದ ಗಾಡಿಗಳ ಸರಕು ಒಂದು ಕಾಲದಲ್ಲಿ ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಪೇಟೆ ಹುಟ್ಟಿದ್ದು ಹೊಳೆಯಿಂದ. ವ್ಯಾಪಾರ ರಸ್ತೆಗೆ ಹೊರಳಿದ ಮೇಲೂ ಅದು ಹೊಳೆಯನ್ನು ಬಿಟ್ಟು ಕದಲಿಲ್ಲ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಕನ್ನಡದ ಮಕ್ಕಳ ನಾಲಗೆಗೆ ಅಷ್ಟು ಹಗುರವಾದ ಲಯ ಕೊಟ್ಟವರು ಇಂಥ ನೀರಿನ ಸದ್ದಿನ ಪಕ್ಕ ಬೆಳೆದರೆಂದು ತಿಳಿದಾಗ ನನಗೆ ಹೇಳಲಾಗದ ಹಿಗ್ಗು.

ದಿನಸಿ ಅಂಗಡಿಯ ಹಿರಿಯರೊಬ್ಬರು ಗೋಡೆಯಲ್ಲಿ ತಮ್ಮ ತಲೆಗಿಂತ ಮೇಲಿನ ಒಂದು ಜಾಗ ತೋರಿಸಿದರು. “ಎಪ್ಪತ್ತನಾಲ್ಕರ ಬೊಳ್ಳಕ್ಕೆ ನೀರು ಅಲ್ಲಿವರೆಗೆ ಬಂದಿತ್ತು ಮಾರಾಯ್ರೇ. ಈ ರಸ್ತೆಯಲ್ಲೇ ದೋಣಿ ಹೋಗಿದೆ.”

“ಮತ್ತೆ ಇಲ್ಲೇ ಇದ್ದೀರಲ್ಲ?”

“ಎಲ್ಲಿಗೆ ಹೋಗುವುದು? ಅದು ಬರ್ತದೆ, ಹೋಗ್ತದೆ. ಸಾಮಾನು ಅಟ್ಟಕ್ಕೆ ಏರಿಸಿದರೆ ಆಯ್ತು.”

1923ರ ಮಹಾನೆರೆಯನ್ನು ಅವರು ಕಂಡಿಲ್ಲ. ಅಜ್ಜ ಹೇಳಿದ್ದನ್ನು ಕಂಡವರಂತೆ ಹೇಳಿದರು. ಮಳೆಗಾಲದಲ್ಲಿ ಈ ಜಿಲ್ಲೆಯ ಪತ್ರಿಕೆಗಳಲ್ಲಿ ಬಂಟ್ವಾಳದ ನೀರಿನ ಮಟ್ಟವೇ ಸುದ್ದಿ. 8.5 ಮೀಟರ್ ಅಪಾಯದ ಗೆರೆ. ಪಾಣೆಮಂಗಳೂರಿನ ಹಳೆ ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದೆ. ನೀರು ತಿಳಿಯಾಗಿ, ಕಲ್ಲುಗಳ ನಡುವೆ ಸಾವಕಾಶವಾಗಿ ಹೋಗುತ್ತಿತ್ತು. ಇದೇ ನೀರು ಆ ಗೋಡೆಯ ಎತ್ತರಕ್ಕೆ ಏರುತ್ತದೆಂದು ಕಣ್ಣು ನಂಬಲೊಲ್ಲದು.

ನಂಬಿಕೆ ಬರಬೇಕಾದರೆ ಬೆಳ್ತಂಗಡಿಗೆ ಹೋಗಬೇಕು. ಅಲ್ಲಿ ಮೂಡಣ ದಿಕ್ಕು ಪೂರಾ ಘಟ್ಟ. ತೋಡುಗಳು, ಹಳ್ಳಗಳು, ಸೋಮಾವತಿ, ಮೃತ್ಯುಂಜಯಾ ಎಲ್ಲವೂ ನೇತ್ರಾವತಿಯ ಕಡೆಗೇ ಓಡುತ್ತವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆಯ ಮೇಲಿನ ಗುಡ್ಡಗಳು ಜರಿದಾಗ ಇವೇ ಹೊಳೆಗಳು ಮರಗಳನ್ನು ಬುಡಸಮೇತ ಹೊತ್ತು ತಂದು ತೋಟಗಳಲ್ಲಿ ಹೊಯಿಗೆ ಹರಡಿ ಹೋದವು. ಮಂಜೊಟ್ಟಿಯ ಕಡೆ ನಿಂತರೆ ಎದುರಿಗೆ ಗಡಾಯಿಕಲ್ಲು: ಬೈಲಿನಿಂದ ನೆಟ್ಟಗೆ ಎದ್ದ ಒಂದೇ ಬಂಡೆ. ನರಸಿಂಹಗಡವೆಂಬ ಹಳೆಯ ಹೆಸರಿನ ಈ ಕಲ್ಲಿನ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಲಾಬಾದ್ ಎಂದು ಕರೆದ. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳು 1800ಕ್ಕೂ ಹೆಚ್ಚು. ನಾನು ಹತ್ತಲಿಲ್ಲ. ಮೋಡವೊಂದು ಅದರ ನೆತ್ತಿಗೆ ತಾಗಿ ಎರಡಾಗಿ ಸೀಳಿ ಹೋಗುವುದನ್ನು ನೋಡುತ್ತ, ಕೈಯಲ್ಲಿದ್ದ ಚಹಾ ಆರಿದ್ದೂ ತಿಳಿಯದೆ ನಿಂತುಬಿಟ್ಟೆ.

ಗುರುವಾಯನಕೆರೆಯಿಂದ ವೇಣೂರಿಗೆ ಬಂದರೆ ಹೊಳೆ ಬದಲಾಗುತ್ತದೆ; ಇದು ಫಲ್ಗುಣಿಯ ಸೀಮೆ. 1604ರಲ್ಲಿ ಅಜಿಲ ಅರಸ ವೀರ ತಿಮ್ಮಣ್ಣ ನಿಲ್ಲಿಸಿದ ಬಾಹುಬಲಿ ಇಲ್ಲಿದ್ದಾನೆ. ಕಾರ್ಕಳದ ಅರಸನಿಗೆ ಈ ಮೂರ್ತಿ ಏಳುವುದು ಬೇಡವಾಗಿತ್ತಂತೆ, ಅದಕ್ಕೆ ಯುದ್ಧವೇ ಆಯಿತಂತೆ. ಯುದ್ಧ ಮುಗಿಯುವವರೆಗೆ ಅಜಿಲ ಮೂರ್ತಿಯನ್ನು ಫಲ್ಗುಣಿಯ ಹೊಯಿಗೆಯಲ್ಲಿ ಹೂತಿಟ್ಟು ಕಾಪಾಡಿದನೆಂದು ಊರಿನವರು ಹೇಳುತ್ತಾರೆ. ಕಥೆಯೇ ಇರಬಹುದು. ಆದರೆ ಅಷ್ಟು ಎತ್ತರದ ಕಲ್ಲನ್ನು ಹೊಳೆಯ ವಶಕ್ಕೆ ಒಪ್ಪಿಸಿ ನೆಮ್ಮದಿಯಾಗಿದ್ದ ಜನರ ಕಲ್ಪನೆಗೆ ನಾನು ಸೋತೆ.

ವೇಣೂರಿನಿಂದ ಮೂಡುಬಿದಿರೆಗೆ ಬಂದೆ. ಇಲ್ಲಿ 18 ಬಸದಿಗಳಿವೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯೊಂದಕ್ಕೇ ನನ್ನ ಒಂದಿಡೀ ದಿನ ಹೋಯಿತು. ಮಾಡುಗಳು ಮಳೆ ಬಲ್ಲವರು ಮಾಡಿದವು, ನೀರು ನಿಲ್ಲದಂತೆ ಇಳಿಜಾರು. ಒಂದು ಕಂಬದ ಕೆತ್ತನೆ ಇನ್ನೊಂದಕ್ಕಿಲ್ಲ ಎನ್ನುತ್ತಾರೆ; ಹೋಲಿಸಿ ನೋಡಲು ಹೊರಟು, ಸ್ವಲ್ಪ ಹೊತ್ತಿಗೆ ಹೋಲಿಕೆ ಬಿಟ್ಟು ಬರಿದೇ ನೋಡತೊಡಗಿದೆ. ಆಮೇಲೆ ಅದೇ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ, ಮೊಣಕಾಲಿನ ಎತ್ತರದಲ್ಲಿ, ಉದ್ದ ಕತ್ತಿನ ಒಂದು ಪ್ರಾಣಿ ಸಿಕ್ಕಿತು. ಜಿರಾಫೆ! ಅಲ್ಲೇ ಚೀನಾದ ಡ್ರ್ಯಾಗನ್ ಕೂಡ.

ಕೂತೇ ನೋಡಿದೆ. ಆಫ್ರಿಕಾದ ಪ್ರಾಣಿಯನ್ನು ಘಟ್ಟದ ಬುಡದ ಈ ಊರಿನ ಶಿಲ್ಪಿ ಎಲ್ಲಿ ಕಂಡ, ಯಾರ ಬಾಯಲ್ಲಿ ಕೇಳಿದ? ಬಸದಿ ಏಳುವ ಹದಿನಾರು ವರ್ಷ ಮೊದಲು, 1414ರಲ್ಲಿ, ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳಿಸಿದ್ದ. ಅಂಥ ಸುದ್ದಿಗಳು ಹಡಗುಗಳ ಜೊತೆ ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ಕಾಲ ಅದು. ಮೆಣಸು, ಅಕ್ಕಿ ಕೆಳಗೆ ಹೋದ ದಾರಿಯಲ್ಲೇ ಜಿರಾಫೆ ಮೇಲೆ ಬಂದಿರಬೇಕು. ಹೊಳೆ ಕಡಲಿಗೆ ಹೋಗುವುದನ್ನು ಮೂರು ಊರುಗಳಲ್ಲಿ ನೋಡಿದ್ದೆ. ಕಡಲು ಹೊಳೆಯ ಗುಂಟ ಇಷ್ಟು ಒಳಗೆ ಬಂದು ಕಲ್ಲಿನಲ್ಲಿ ಕೂತದ್ದನ್ನು ನೋಡಿದ್ದು ಇಲ್ಲೇ.

ಇದೇ ಊರಿನ ಗುರುಬಸದಿಯ ಸಂಗತಿ ಬೇರೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಅಲ್ಲಿ ಉಳಿದವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ಧವಲಾ ಅಚ್ಚಾಗತೊಡಗಿದ್ದು 1939ರಲ್ಲಿ. ಗಾಳಿಯಲ್ಲೇ ತೇವವಿರುವ, ಚರ್ಮದ ಚೀಲಕ್ಕೂ ಬೂಸ್ಟು ಹಿಡಿಯುವ ನಾಡಿನಲ್ಲಿ ಗರಿಗಳನ್ನು ಅಷ್ಟು ತಲೆಮಾರು ಉಳಿಸಿದ ಕೈಗಳಿಗೆ ನಾನು ಮನಸಾರೆ ನಮಿಸಿದೆ.

ಪೊಳಲಿ ಬಾಕಿಯಾಯಿತು. ಅಲ್ಲಿ, ಅದೇ ಫಲ್ಗುಣಿಯ ದಡದಲ್ಲಿ, ರಾಜರಾಜೇಶ್ವರಿಯ ಮೂರ್ತಿ ಮಣ್ಣಿನದು. ಅಷ್ಟು ಮಳೆಯ ನಾಡಿನಲ್ಲಿ, ಹೊಳೆಯ ಪಕ್ಕದಲ್ಲಿ, ಮಣ್ಣಿನ ದೇವಿ! “ಜಾತ್ರೆಗೇ ಬನ್ನಿ, ಚೆಂಡಿನಾಟ ನೋಡಬೇಕು ನೀವು” ಎಂದರು ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಕ್ಕ. ಜಾತ್ರೆ ಬೇಸಗೆಯಲ್ಲಿ ಸುಮಾರು ಒಂದು ತಿಂಗಳು ನಡೆಯುತ್ತದಂತೆ. ಹೋಗುತ್ತೇನೆ.