ಸರಸಂಬಾದಲ್ಲಿ ಒಂದು ಸೋಮವಾರ

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಪೂರ್ವಶಿಷ್ಯನೊಬ್ಬನ ಆಹ್ವಾನವನ್ನು ಮನ್ನಿಸಿ, ಕಲಬುರಗಿಯಿಂದ ಆಳಂದದ ಮಾರ್ಗವಾಗಿ ಸರಸಂಬಾ ಗ್ರಾಮಕ್ಕೆ ಹೋಗಿದ್ದೆವು. ಮಹಾರಾಷ್ಟ್ರದ ಗಡಿಗೆ ಸಮೀಪವಾದ ಈ ಪ್ರಾಂತವು ಎರೆಮಣ್ಣಿನ ಸೀಮೆ. ದಾರಿಯ ಇಕ್ಕೆಲಗಳಲ್ಲಿಯೂ ತೊಗರಿಯು ಹಳದಿಯ ಹೂವನ್ನು ತಳೆದು ನಿಂತಿತ್ತು. ಈ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದನ್ನು ವಾಚಕರು ಬಲ್ಲರಷ್ಟೆ.

ನಾವು ಊರನ್ನು ಸೇರಿದುದು ಸೋಮವಾರ. ಎತ್ತುಗಳೆಲ್ಲ ಮನೆಗಳ ಮುಂದೆ ಮೆಲುಕು ಹಾಕುತ್ತ ಮಲಗಿದ್ದುವು. ಉತ್ತರ ಕರ್ನಾಟಕದ ಅನೇಕ ರೈತರು ಈ ದಿನ ಎತ್ತಿನ ಹೆಗಲಿಗೆ ನೊಗವನ್ನಿಡುವುದಿಲ್ಲ; ಅದು ಬಸವಣ್ಣನ ವಾರ. ಇದನ್ನು ಕಂಡು ನಮಗೆ ಸಂಸ್ಕೃತ ಪಾಠಶಾಲೆಯ ಅನಧ್ಯಾಯಗಳು ಸ್ಮರಣೆಗೆ ಬಂದುವು. ಅಮಾವಾಸ್ಯೆ, ಪೂರ್ಣಿಮೆ, ಅಷ್ಟಮಿ, ಚತುರ್ದಶಿಗಳಂದು ವೇದಾಧ್ಯಯನವು ಸಲ್ಲದೆಂದು ಮನುಸ್ಮೃತಿಯ 4ನೆಯ ಅಧ್ಯಾಯವು ವಿಧಿಸಿದೆ. ವಿದ್ಯೆಗೂ ವಿರಾಮವುಂಟೆಂದ ಮೇಲೆ ಮಿಕ್ಕ ಕೆಲಸಗಳ ಮಾತೇನು?

ರಾತ್ರಿ ಊಟಕ್ಕೆ ಕುಳಿತೆವು. ಶಿಷ್ಯನು ಬೆಂಗಳೂರಿನಲ್ಲಿ ಉದ್ಯೋಗಿ. ನಾಲ್ಕು ದಿನಗಳ ರಜೆಯ ಮೇಲೆ ಬಂದಿದ್ದನು. ತಾಯಿಯವರು ಬಿಸಿ ಜೋಳದ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಬಡಿಸಿದರು. ಮೊದಲ ತುತ್ತಿಗೇ ಮೊಬೈಲು ಕೂಗಿತು. ಅವನು ಕೈ ತೊಳೆದು ಮಾಳಿಗೆಯನ್ನೇರಿದನು. ಅರ್ಧ ಗಂಟೆಯ ಬಳಿಕ ಇಳಿದು ಬಂದಾಗ ರೊಟ್ಟಿಯು ಆರಿ ಗಟ್ಟಿಯಾಗಿತ್ತು.

“ಎತ್ತಿಗಿ ಸೋಮಾರ ಅದ ಯಪ್ಪಾ, ನಿನಗ ಯಾ ವಾರ ಅದ?” ಎಂದು ತಾಯಿಯವರು ಕೇಳಿದರು. ಬಳಿಕ ನಮ್ಮ ಕಡೆಗೆ ತಿರುಗಿ, “ಗುರುಗಳೇ, ನೀವಾದ್ರೂ ಹೇಳ್ರಿ” ಎಂದರು.

ನಮಗೆ ಮಾತು ಹೊರಡಲಿಲ್ಲ. ಮುಖ್ಯೋಪಾಧ್ಯಾಯರಾಗಿದ್ದಾಗ ರಾತ್ರಿ ಹತ್ತು ಗಂಟೆಗೆ ಅಂಕಪಟ್ಟಿಗಳನ್ನು ಕೇಳಿ ಉಪಾಧ್ಯಾಯರಿಗೆ ಸಂದೇಶಗಳನ್ನು ಕಳುಹುತ್ತಿದ್ದವರು ನಾವೇ. ಉತ್ತರವು ತಡವಾದರೆ ಬೆಳಗ್ಗೆ ಮುಖ ಗಂಟಿಕ್ಕುತ್ತಿದ್ದವರೂ ನಾವೇ. ಅವರ ಮನೆಗಳಲ್ಲಿ ಎಷ್ಟು ರೊಟ್ಟಿಗಳು ಆರಿದುವೋ! ಉಪದೇಶವನ್ನು ಬಿಟ್ಟು, ಈ ತಪ್ಪನ್ನೇ ತಾಯಿಮಗನ ಮುಂದೆ ಹೇಳಿಕೊಂಡೆವು.

ಕೆಲಸದ ವೇಳೆ ಮುಗಿದ ಬಳಿಕ ಕರೆಗಳಿಂದ ಬಿಡುಗಡೆ ಪಡೆಯುವ ಹಕ್ಕನ್ನು ಫ್ರಾನ್ಸ್ ದೇಶವು 2017ರಿಂದ ಶಾಸನದಲ್ಲಿ ಸೇರಿಸಿದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸುಪ್ರಿಯಾ ಸುಳೆಯವರು ಇಂತಹುದೇ ಖಾಸಗಿ ಮಸೂದೆಯನ್ನು ಮಂಡಿಸಿದರು, ಅದು ಶಾಸನವಾಗಲಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವಿನ ಜನರಾದರೋ ಶಾಸನಕ್ಕೆ ಕಾಯಲಿಲ್ಲ. 2022ರಲ್ಲಿ ಅವರು ಸಂಜೆ 7 ಗಂಟೆಗೆ ಸೈರನ್ ಕೂಗಿದೊಡನೆ ಒಂದೂವರೆ ಗಂಟೆಯ ಕಾಲ ಮೊಬೈಲು, ಟಿ.ವಿ.ಗಳನ್ನು ಆರಿಸುವ ಕಟ್ಟಳೆಯನ್ನು ತಾವೇ ಮಾಡಿಕೊಂಡರು.

ಮರುದಿನ ರಾತ್ರಿ ಶಿಷ್ಯನು ಮೇಲಧಿಕಾರಿಗೆ ಎರಡು ಸಾಲು ಬರೆದು, ಮೊಬೈಲನ್ನು ಗೋಡೆಯ ಗೂಡಿನಲ್ಲಿಟ್ಟು ಊಟಕ್ಕೆ ಕುಳಿತನು. ಅದು ಎರಡು ಸಲ ಮಿನುಗಿತು. ಅವನು ಒಮ್ಮೆ ನೋಡಿದನು, ಏಳಲಿಲ್ಲ. ತಾಯಿಯವರು ಸುಮ್ಮನೆ ಇನ್ನೊಂದು ರೊಟ್ಟಿಯನ್ನು ಹಾಕಿದರು.

ಊರಿಗೆ ಮರಳಿದ ಮೇಲೆ ನಮ್ಮ ಹಳೆಯ ಸಹೋದ್ಯೋಗಿಗಳ ಕ್ಷಮೆಯನ್ನು ಬೇಡಿ ಪತ್ರಗಳನ್ನು ಬರೆದೆವು. ಬರೆದುದು ಹಗಲಿನಲ್ಲಿ, ಕಳುಹಿದುದು ಅಂಚೆಯಲ್ಲಿ.